ಚಹಾ ಆರುವುದರೊಳಗೆ ಆಟ ಮುಗಿಯಬೇಕು

ನಮ್ಮ ಓಣಿಯ ಸ್ನೇಹಾಗೆ ಬೆಳಗಾವಿಯಲ್ಲಿ ಗೇಮ್ ಟೆಸ್ಟಿಂಗ್ ಕೆಲಸ ಸಿಕ್ಕಿದೆ. ಸೇರುವ ಮೊದಲು ನಮ್ಮ ಮನೆಗೆ ಬಂದು, "ಕಾಕಾ, ನೀವೂ ಇದ ಕೆಲಸಾ ಮಾಡ್ತಿದ್ರಂತ. ನಿಮ್ಮ ಕಾಲದಾಗ ಯಾವ ಟೂಲ್ ಇತ್ರಿ?" ಎಂದು ಕೇಳಿದಳು.

"ಚಹಾ," ಎಂದೆ.

ಹುಡುಗಿ ಒಳಗೆ ಹೋಗಿ ನಮ್ಮಾಕಿಗೆ, "ಕಾಕೂ, ಕಾಕಾಗ ಚಹಾ ಬೇಕಂತ" ಎಂದು ಹೇಳಿಬಂದಳು. ಚಹಾ ಬಂತು, ಕುಡಿದೆ. ಆದರೆ ಉತ್ತರ ಅಲ್ಲಿಗೇ ನಿಂತಿತು. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರುವವರು ಓದಲಿ, ಸೇರದವರು ನಗಲಿ.

ನಾನು ಗೋಕಾಕದ ಜಿನ್ನಪ್ಪ. ತೊಂಬತ್ತರ ದಶಕದ ಆರಂಭದಿಂದ ಹದಿನಾರು ವರ್ಷ ಅಪ್ಪಾಸಾಹೇಬರ ವಿಡಿಯೋ ಗೇಮ್ ಅಂಗಡಿಗಳಲ್ಲಿ 'ಚೆಕಿಂಗ್' ಮಾಡಿದೆ. ಅಂಗಡಿಗಳು ಮೂರು: ಗೋಕಾಕದಲ್ಲಿ ಒಂದು, ಮೂಡಲಗಿಯಲ್ಲಿ ಒಂದು, ಹುಕ್ಕೇರಿಯಲ್ಲಿ ಒಂದು. ಮುಂದೆ ಅದೇ ಮಾಲಕರ ಬಳಿ ಬೇರೆ ಕೆಲಸಗಳನ್ನೂ ಮಾಡಿ ಈಗ ಮನೆಯಲ್ಲಿ ಕುಳಿತಿದ್ದೇನೆ. ಆದರೆ ನೌಕರಿ ಎಂದ ಕೂಡಲೇ ನೆನಪಿಗೆ ಬರುವುದು ಆ ಚೆಕಿಂಗೇ. ಚೆಕಿಂಗ್ ಎಂದರೆ ಏನೆಂದು ಆಗ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಮಾವನವರು ನಾನು ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುವವನೆಂದು ತಿಳಿದು ಮಗಳನ್ನು ಕೊಟ್ಟರು. ಮದುವೆಯ ಮಾತು ನಡೆದಾಗ ತಿದ್ದುವುದು ಮರ್ಯಾದೆಯಲ್ಲ ಎಂದು ನಾನೂ ಸುಮ್ಮನಿದ್ದೆ.

ಆಗಿನ ಮಷೀನು ಒಂದು ಕಪಾಟಿನಷ್ಟು ಎತ್ತರ. ಮುಂದೆ ಗಾಜು, ಒಂದು ಹ್ಯಾಂಡಲ್, ಎರಡು ಗುಂಡಿ. ಹಿಂದಿನ ಬಾಗಿಲು ತೆಗೆದರೆ ಒಳಗೊಂದು ಬೋರ್ಡು, ಅದರ ಮೇಲೆ ಅಕ್ಕಿಕಾಳಿನಂತಹ ಎಂಟು ಬಿಳಿ ಸ್ವಿಚ್ಚುಗಳ ಸಾಲು. ಗಿರಾಕಿಗೆ ಎಷ್ಟು ಜೀವ ಕೊಡಬೇಕು, ವೈರಿ ಎಷ್ಟು ಜೋರಾಗಿ ಓಡಬೇಕು, ಎಲ್ಲವೂ ಆ ಎಂಟು ಕಾಳುಗಳ ಕೈಯಲ್ಲಿ. ಆಟ ಕಠಿಣವಾದರೆ ನಾವು 'ಬಿಗಿ' ಎನ್ನುತ್ತಿದ್ದೆವು, ಸುಲಭವಾದರೆ 'ಸಡ್ಲ'. ಹೊರಗೆ ನಿಂತು ಆಡುವವನು ತನ್ನ ಹಣೆಬರಹವನ್ನು ಬೈಯುತ್ತಿದ್ದ. ಬರೆದವನು ನಾನು, ಅವನ ಬಾಜೂಕ್ಕೇ ನಿಂತು ಅಯ್ಯೋ ಪಾಪ ಎನ್ನುತ್ತಿದ್ದೆ.

ಎಷ್ಟು ಬಿಗಿ ಇರಬೇಕು ಎಂದು ಮೊದಲ ದಿನವೇ ಅಪ್ಪಾಸಾಹೇಬರನ್ನು ಕೇಳಿದ್ದೆ.

"ನೋಡ ಜಿನ್ನಪ್ಪಾ, ಆಟ ಲಗೂ ಮುಗದ್ರ ಆಡಾಂವ ಬೈತಾನ. ತಡಾ ಆದ್ರ ಹಿಂದ ನಿಂತಾಂವ ಬೈತಾನ. ಇಬ್ರೂ ಬೈಬಾರ್ದು."

"ಅಂದ್ರ ಎಷ್ಟ ಹೊತ್ರಿ ಸಾಹೇಬ್ರ?"

ಅವರು ಕೈಯಲ್ಲಿದ್ದ ಗ್ಲಾಸನ್ನು ನೋಡಿದರು. "ಚಹಾ ಆರೂದ್ರಾಗ ಮುಗೀಬೇಕು."

ನನ್ನ ಕೈಯಲ್ಲಿ ಗಡಿಯಾರವಿತ್ತು. ಆದರೆ ಮಾಲಕರ ಮಾತು ಮಾಲಕರ ಮಾತು. ಅಂದಿನಿಂದ ಪದ್ಧತಿ ಹೀಗಾಯಿತು: ಬಾಜೂದ ಹೋಟೆಲಿನಿಂದ ಚಹಾ ತರಿಸಿ ಮಷೀನಿನ ತಲೆಯ ಮೇಲಿಡುವುದು, ಆಟ ಶುರು ಮಾಡುವುದು, ಸತ್ತ ಕೂಡಲೇ ಒಂದು ಗುಟುಕು ಕುಡಿಯುವುದು. ನಾಲಿಗೆ ಸುಟ್ಟರೆ ಆಟ ಬಹಳ ಬಿಗಿ. ತಣ್ಣಗಿದ್ದರೆ ಬಹಳ ಸಡ್ಲ. ಹಾಯೆನ್ನಿಸಿದರೆ ಬರೋಬರಿ. ದಿನಕ್ಕೆ ಹದಿನೈದು ಚಹಾ ಆಗುತ್ತಿತ್ತು. ಆಗ ಹತ್ತಿದ ಹೊಟ್ಟೆಯುರಿ ಇನ್ನೂ ಇದೆ. ನನಗೆ ಬರುವ ಪಿಂಚಣಿ ಅದೊಂದೇ.

ನನ್ನ ನೌಕರಿಯನ್ನು ಖರೇವಾಗಿ ಅರ್ಥ ಮಾಡಿಕೊಂಡವಳು ಒಬ್ಬಳೇ, ನಮ್ಮ ಅವ್ವ. ಅದೇ ಕೆಟ್ಟದ್ದಾಯಿತು.

ಅವ್ವ ಜೋಳ ಹಸನು ಮಾಡುವಾಗ ಸಿಕ್ಕ ನುಸಿಯನ್ನು ಅಂಗೈ ಮೇಲಿಟ್ಟುಕೊಂಡು ಹಿತ್ತಲಿಗೆ ಬಿಟ್ಟುಬರುವ ಪೈಕಿ. ನೀರನ್ನು ಎರಡು ಸಲ ಸೋಸದೆ ಕುಡಿದವಳಲ್ಲ, ಹೊತ್ತು ಮುಳುಗಿದ ಮೇಲೆ ಅದನ್ನೂ ಮುಟ್ಟಿದವಳಲ್ಲ. ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ, ಆದರೆ ಅವ್ವನದು ಉಳಿದವರಿಗಿಂತ ಒಂದು ಕೈ ಮೇಲೆ. ನಾನು ಸೇರಿದ ಎರಡನೆಯ ತಿಂಗಳು ಬುತ್ತಿ ಮರೆತು ಹೋಗಿದ್ದೆ. ಕೊಡಲೆಂದು ಅವಳೇ ಅಂಗಡಿಗೆ ಬಂದಳು. ಆಗ ನಾನು ಚೆಕ್ ಮಾಡುತ್ತಿದ್ದದ್ದು ಹುಳದ ಆಟ. ಮೇಲಿನಿಂದ ಸಾಲು ಸಾಲಾಗಿ ಹುಳಗಳು ಇಳಿಯುತ್ತವೆ, ಕೆಳಗಿನಿಂದ ನಾವು ಢಂ ಢಂ ಎಂದು ಹೊಡೆಯಬೇಕು. ಅವ್ವ ಹಿಂದೆ ನಿಂತದ್ದು ನನಗೆ ತಿಳಿಯಲಿಲ್ಲ. ಖುಷಿಯಲ್ಲಿ, "ಸಾಯ್ ಮಗನ! ನೀನೂ ಸಾಯ್!" ಎಂದು ಕೂಗುತ್ತಿದ್ದೆ.

"ಇದೇನ ನಿನ್ನ ನೌಕರಿ?" ಎಂದಳು.

"ಇವು ಖರೆ ಹುಳಾ ಅಲ್ಲವ್ವಾ. ಬರೇ ಬೆಳಕು."

"ಹುಳಾ ಖರೆ ಅಲ್ಲ. ನಿನ್ನ ಖುಷಿ ಖರೆ ಐತೆಲ್ಲ?"

ಬುತ್ತಿ ಇಟ್ಟು ಹೋದಳು. ಅಂದಿನಿಂದ ನನ್ನ ಪಗಾರದ ಒಂದು ಕಾಳನ್ನೂ ಅವಳು ಬಾಯಿಗೆ ಹಾಕಲಿಲ್ಲ. ಘೋಡಗೇರಿಯ ತನ್ನ ತವರಿನ ಹೊಲದ ಪಾಲಿನ ಜೋಳ ತರಿಸಿಕೊಂಡು, ಬೇರೆ ಸ್ಟೋ ಹಚ್ಚಿ ಅಡುಗೆ ಮಾಡಿಕೊಂಡಳು. ಒಂದೇ ಅಡುಗೆಮನೆಯಲ್ಲಿ ಎರಡು ಚಹಾಪುಡಿ ಡಬ್ಬಿಗಳು. ಜಗಳವಿಲ್ಲ, ಮಾತುಬಿಟ್ಟದ್ದಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತಿದ್ದಳು. ಆದರೆ ನಾನು ಚಹಾ ಮಾಡಿ ಕೊಟ್ಟರೆ, "ಅಲ್ಲೇ ಇಡು" ಎನ್ನುತ್ತಿದ್ದಳು. ಅದು ಅಲ್ಲೇ ಆರುತ್ತಿತ್ತು. ಮೂರೂರಿಗೆ ಚಹಾ ಹಿಡಿದುಕೊಂಡು ತಿರುಗುವ ನನಗೆ ಹೆತ್ತವಳಿಗೆ ಒಂದು ಕಪ್ ಕುಡಿಸಲಾಗಲಿಲ್ಲ. ನೌಕರಿ ಬಿಡಬೇಕಿತ್ತು ಎನ್ನುತ್ತೀರಿ. ಬಿಡಲಾಗಲಿಲ್ಲ, ಆ ಕೆಲಸವೆಂದರೆ ನನಗೆ ಅಷ್ಟು ಪ್ರೀತಿ.

ಒಮ್ಮೆ ಉಪಾಯ ಮಾಡಿ ಅವಳನ್ನು ಕಾರು ಓಡಿಸುವ ಆಟದ ಮುಂದೆ ನಿಲ್ಲಿಸಿದೆ. "ನೋಡವ್ವಾ, ಇದರಾಗ ಯಾರೂ ಸಾಯೂದಿಲ್ಲ." ಅವಳು ಬಹಳ ಹೊತ್ತು ನೋಡಿ, "ಆ ರೋಡಿನ ಮ್ಯಾಲ ಇರುವಿ ಇರೂದಿಲ್ಲೇನು?" ಎಂದು ಕೇಳಿದಳು. ಬೋರ್ಡಿನಲ್ಲಿ ಇರುವೆಯ ಸ್ವಿಚ್ಚಿರಲಿಲ್ಲ.

ಈಗ ನನ್ನ ಪ್ರಮಾದಗಳಿಗೆ ಬರುತ್ತೇನೆ. ಒಂದು ವರ್ಷ ಕಳೆದ ಮೇಲೆ ಗೋಕಾಕದ ಅಂಗಡಿಯಲ್ಲಿ ಗಲಾಟೆಯಾಯಿತು. ಮೂಡಲಗಿಯಿಂದ ಸಂತೆಗೆ ಬಂದ ಒಬ್ಬ ಗಿರಾಕಿ ಮಷೀನು ಹಿಡಿದವನು ಬಿಡಲೇ ಇಲ್ಲ. ಒಂದೇ ಆಟ. ಊಟದ ಹೊತ್ತಾಯಿತು, ಹಿಂದೆ ಸಾಲು ನಿಂತಿತು, ಅವನು ಸಾಯಲೊಲ್ಲ. ಮುಂದಿನ ವಾರ ಮೂಡಲಗಿಯವರು ಮೂವರು ಬಂದರು. ಮೂವರೂ ಸಾಯಲಿಲ್ಲ.

ಅಪ್ಪಾಸಾಹೇಬರು ನನ್ನನ್ನು ಕರೆದು, "ಮೂಡಲಗಿ ನೀರಾಗ ಏನ್ ಐತಿ, ನೋಡ್ಕೊಂಡ್ ಬಾ" ಎಂದರು.

ನೀರಿನಲ್ಲಿ ಏನೂ ಇರಲಿಲ್ಲ, ಇದ್ದದ್ದು ಬಶಿಯಲ್ಲಿ, ಕಪ್ಪಿನ ಕೆಳಗಿಡುವ ತಟ್ಟೆಯಲ್ಲಿ. ಗೋಕಾಕದ ಹೋಟೆಲಿನವನು ದಪ್ಪ ಗ್ಲಾಸಿನಲ್ಲಿ ಚಹಾ ಕೊಡುತ್ತಿದ್ದ, ಬೇಗ ಆರುತ್ತಿರಲಿಲ್ಲ. ಮೂಡಲಗಿಯ ಹೋಟೆಲಿನವನು ಅಕ್ಕರೆಯಿಂದ ತಾನೇ ಬಶಿಗೆ ಸುರಿದು ತಂದಿಡುತ್ತಿದ್ದ. ಬಶಿಯ ಚಹಾ ಎಷ್ಟು ಹೊತ್ತು ತಡೆದೀತು? ಅದಕ್ಕೆ ಸರಿಯಾಗಿ ನಾನು ಆಟವನ್ನು ಬಿಗಿ, ಬಿಗಿ, ಇನ್ನೂ ಬಿಗಿ ಮಾಡುತ್ತ ಹೋಗಿದ್ದೆ. ಹುಕ್ಕೇರಿಯಲ್ಲಿ ಬೇರೆ ಕಥೆ. ಅಲ್ಲಿ ಅಂಗಡಿಯ ಕಿಟಕಿಯಿಂದ ಹಿಡಕಲ್ ಡ್ಯಾಮಿನ ಕಡೆಯ ಗಾಳಿ ಬಂದು ನೇರವಾಗಿ ಗ್ಲಾಸಿಗೆ ಬಡಿಯುತ್ತಿತ್ತು. ಹೀಗಾಗಿ ಚಳಿಗಾಲದಲ್ಲಿ ಹುಕ್ಕೇರಿಯವರು ಬೇಗ ಸಾಯುತ್ತಿದ್ದರು, ಬೇಸಿಗೆಯಲ್ಲಿ ಬದುಕುತ್ತಿದ್ದರು. ಮೂಡಲಗಿಯವರಂತೂ ವರ್ಷವಿಡೀ ಬಶಿಯ ಬಿಗಿಯಲ್ಲಿ ಪಳಗಿ ಪೈಲ್ವಾನರಾಗಿದ್ದರು. ಅವರಿಗೆ ಗೋಕಾಕದ ಮಷೀನು ತೊಟ್ಟಿಲಾಟ.

ಇದನ್ನು ಅಪ್ಪಾಸಾಹೇಬರಿಗೆ ಹೇಳಿದೆ. ಅವರು ಗಡಿಯಾರ ಬಳಸು ಎನ್ನುತ್ತಾರೆಂದು ಕಾದೆ. "ಹಂಗಾರ ಮೂರೂ ಕಡೆ ಒಂದ ನಮೂನಿ ಗ್ಲಾಸ್ ಕೊಡಸು" ಎಂದರು.

ಮೂಡಲಗಿಯ ಮಷೀನನ್ನು ಸಡ್ಲ ಮಾಡಿ ಬಂದೆ. ಸ್ವಲ್ಪ ಹೆಚ್ಚೇ ಸಡ್ಲವಾಯಿತು. ಅಲ್ಲಿನ ಅಂಗಡಿ ನೋಡಿಕೊಳ್ಳುತ್ತಿದ್ದ ಕಲ್ಲಪ್ಪನಿಗೆ ಫೋನ್ ಮಾಡಿ, "ಕಲ್ಲಪ್ಪಾ, ಮಷೀನ್ ಒಂದೀಟ ಬಿಗಿ ಮಾಡು" ಎಂದೆ. "ಆತ್ರಿ" ಎಂದ. ಕಲ್ಲಪ್ಪ ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು. ಹಿಂದಿನ ಬಾಗಿಲು ತೆಗೆಯದೆ, ಪಾನಾ ತಂದು ಹ್ಯಾಂಡಲಿನ ಬುಡದ ನಟ್ಟುಗಳನ್ನೆಲ್ಲ ಮೈಮೇಲೆ ಬಂದವನಂತೆ ಬಿಗಿದ. ಎಂಟು ದಿನ ಬಿಟ್ಟು ಹೋಗಿ ನೋಡುತ್ತೇನೆ, ಗಿರಾಕಿಗಳು ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಮಷೀನಿಗೆ ಒತ್ತಿ ಎಳೆಯುತ್ತಿದ್ದಾರೆ. ಒಬ್ಬನ ಮುಂಗೈಗೆ ಪಟ್ಟಿ.

"ಏನ್ ಮಾಡೀಯೋ ಮಾರಾಯಾ!"

"ನೀವ ಹೇಳಿದ್ರೆಲ್ರಿ, ಬಿಗಿ ಮಾಡ ಅಂತ? ಇನ್ನೂ ಒಂದ್ ಸುತ್ತ ಐತ್ರಿ, ಮಾಡ್ಲಿ?"

ನಗಬೇಡಿ. ಚಹಾ ತರಿಸಿ ಆಡಿ ನೋಡಿದೆ. ಸತ್ತೆ, ಕುಡಿದೆ, ಬರೋಬರಿ ಹಾಯೆನಿಸಿತು. ಅಪ್ಪಾಸಾಹೇಬರು ಸುದ್ದಿ ಕೇಳಿ, "ಕಲ್ಲಪ್ಪ ಇಂಜಿನೇರ್ ಆಗಬೇಕಿತ್ತು" ಎಂದರು. ನನ್ನನ್ನು ಹೊಗಳಿದ್ದು ಮಾತ್ರ ಇಲ್ಲ.

ಆಮೇಲೆ ಮನೆಮನೆಯ ಟೀವಿಗೆ ಜೋಡಿಸುವ ಆಟದ ಡಬ್ಬಿಗಳು ಬಂದವು, ಅವುಗಳ ಕ್ಯಾಸೆಟ್ಟುಗಳು ಬಂದವು. ಒಂದು ಕ್ಯಾಸೆಟ್ಟಿನ ಮೇಲೆ 'ಒಂದರೊಳಗೆ ಲಕ್ಷ ಆಟ' ಎಂದು ಬರೆದಿತ್ತು. ಅಪ್ಪಾಸಾಹೇಬರು, "ಚೆಕ್ ಮಾಡು" ಎಂದರು. ನಾಲ್ಕು ದಿನ ಕೂತು ನೋಡಿದೆ. ಆಟ ಏಳೇ. ಅವೇ ಏಳು, ಅಂಗಿ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಅದು ನಿಂತರೆ ರಿಪೇರಿ ಎಂದರೆ ಬಾಯಿಂದ ಊದುವುದು. ಊದಲು ಬರುವವನೇ ಮೆಕ್ಯಾನಿಕ್. ಅಷ್ಟು ಹೊತ್ತಿಗೆ ಜನ ಅಂಗಡಿಗೆ ಬರುವುದು ಕಡಿಮೆಯಾಯಿತು. ಕಪಾಟಿನಂತಹ ಮಷೀನುಗಳು ಹೋಗಿ ಕಂಪ್ಯೂಟರ್ ಬಂದವು, ಅಂಗಡಿಯ ಹೆಸರಿನ ಬೋರ್ಡಿನ ಮೇಲೆ ಸೈಬರ್ ಕೆಫೆ ಎಂದಾಯಿತು. ಆಟಗಳಲ್ಲಿ 'ಸುಲಭ, ಸಾಧಾರಣ, ಕಠಿಣ' ಎಂದು ಬರೆದೇ ಬರುತ್ತಿತ್ತು. ಸತ್ತರೆ ಸತ್ತಲ್ಲಿಂದಲೇ ಮತ್ತೆ ಹುಟ್ಟಬಹುದು. ಮೊದಲಿನ ಆಟಗಳಿಗೆ ನಮ್ಮನ್ನು ಹೊರಗೆ ಹಾಕುವ ಅವಸರ. ಹೊಸ ಆಟಗಳು ಬಂದ ನೆಂಟನನ್ನು ಏಳಗೊಡದ ಮನೆಯವರಂತೆ ಹಿಡಿದು ಕೂರಿಸುತ್ತಿದ್ದವು. ನನ್ನ ಎಂಟು ಸ್ವಿಚ್ಚುಗಳಿಗೆ ಕೆಲಸವೇ ಇಲ್ಲ. ನನಗೂ.

ಆಗಲೇ ಕೊಲ್ಲಾಪುರದ ಒಂದು ಸಣ್ಣ ಕಂಪನಿ ಕನ್ನಡದಲ್ಲಿ ಆಟ ಮಾಡಿತು. ಅದನ್ನು ನಮ್ಮ ಕಡೆಯ ಊರುಗಳಲ್ಲಿ ಆಡಿಸಿ ತಪ್ಪು ಹುಡುಕಿ ಕೊಡುವ ಗುತ್ತಿಗೆ ಅಪ್ಪಾಸಾಹೇಬರಿಗೆ ಸಿಕ್ಕಿತು. ಹೊಲ ಕಾಯುವ ಆಟ ಅದು. ಜೋಳದ ಹೊಲಕ್ಕೆ ಹಕ್ಕಿಗಳು ಹಿಂಡಾಗಿ ಇಳಿಯುತ್ತವೆ. ಅಟ್ಟದ ಮೇಲೆ ನಿಂತ ರೈತ ಕವಣೆಯಿಂದ ಕಲ್ಲು ಬೀಸಿ ಹೊಡೆಯಬೇಕು. ಒಟ್ಟು ಐದು ಹೊಲ. ಕಂಪನಿಯಿಂದ ಫೋನ್ ಮಾಡುತ್ತಿದ್ದವಳು ವೈಶಾಲಿ, ನಿಪ್ಪಾಣಿ ಕಡೆಯ ಹುಡುಗಿ, ಬಹಳ ಚುರುಕು. ಅವಳು ಕಳಿಸಿದ್ದು ಹದಿನಾಲ್ಕು ಹಾಳೆಗಳ ಪಟ್ಟಿ. ಪ್ರತಿ ಸಾಲನ್ನೂ ಆಡಿ ನೋಡಿ ಗುರುತು ಹಾಕಬೇಕು. ಖರೆ ಹೇಳುತ್ತೇನೆ, ಸ್ನೇಹಾ ನೀನು ಹೀಗೆ ಮಾಡಬೇಡ, ಅರ್ಧ ಗುರುತುಗಳನ್ನು ನಾನು ಹೋಟೆಲಿನಲ್ಲಿ ಕೂತೇ ಹಾಕಿದೆ.

ಕೊನೆಯ ಸಾಲಿನಲ್ಲಿ ಸಿಕ್ಕಿಬಿದ್ದೆ: 'ಕಂಪ್ಯೂಟರ್ ಎಂದೂ ಮುಟ್ಟದ, ಅರವತ್ತು ದಾಟಿದ ಒಬ್ಬರಿಂದ ಪೂರ್ತಿ ಆಡಿಸುವುದು.' ಅದಕ್ಕೂ ಸುಮ್ಮನೆ ಗುರುತು ಹಾಕಬಹುದಿತ್ತು. ಆದರೆ ಆಡಿದವರ ಸಹಿ ಬೇಕೆಂದು ವೈಶಾಲಿ ಹಟ ಹಿಡಿದಿದ್ದಳು. ಮನೆಗೆ ಬಂದು ಅವ್ವನ ಮುಂದೆ ಕೂತೆ.

"ಅದರಾಗ ಜೀವಾ ತಗೀತಾರೇನು?" ಎಂದಳು.

"ಹಕ್ಕಿ ಹೊಡೀತಾರವ್ವಾ."

"ಹೊಡೀದನ ಆಡಾಕ ಬರ್ತೈತೇನು?"

ಹನ್ನೆರಡು ವರ್ಷ ಚೆಕಿಂಗ್ ಮಾಡಿದ್ದೆ. ಈ ಪ್ರಶ್ನೆ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. "ಗೊತ್ತಿಲ್ಲವ್ವಾ" ಎಂದೆ.

"ಹಂಗಾರ ಬರ್ತೇನಿ. ಒಂದೂ ಜೀವಾ ತಗೀದನ ಕಡೀತನಾ ಹೋದ್ರ, ನಿನ್ನ ಪಗಾರದ ಚಹಾ ಕುಡೀತೇನಿ."

ನನಗೆ ಅಂದು ನಿದ್ದೆ ಬರಲಿಲ್ಲ. ಮರುದಿನ ಮಧ್ಯಾಹ್ನ ಅವ್ವ ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಗುಂಡಿ ಎರಡು: ಒಂದು ಕಲ್ಲು ಬೀಸಲು, ಇನ್ನೊಂದು ಕೂಗಲು. ಕೂಗುವ ಗುಂಡಿಯನ್ನು ಕಂಪನಿಯವರು ಬರೀ ಮಜಾಕ್ಕೆಂದು ಇಟ್ಟಿದ್ದರು. ಅದನ್ನು ಒತ್ತಿದರೆ ಹಕ್ಕಿ ಎದ್ದು ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಅದನ್ನೇ ನಂಬಿಕೊಂಡು ಆಡುವ ಹುಚ್ಚರು ಯಾರೂ ಇರಲಿಲ್ಲ. ಅವ್ವ ಅದನ್ನೇ ಹಿಡಿದಳು. ಕಂಪ್ಯೂಟರ್ ಕೂಗಿದರೆ ಅವಳಿಗೆ ಸಾಲಲಿಲ್ಲ, ತಾನೂ "ಹೋ... ಹೋಹೋ..." ಎಂದು ಕೂಗಿದಳು. ಘೋಡಗೇರಿಯಲ್ಲಿ ಲಂಗ ಉಟ್ಟ ಕಾಲದಲ್ಲಿ ಹೊಲ ಕಾದವಳು. ಕೆಫೆಯಲ್ಲಿ ಇಮೇಲ್ ನೋಡುತ್ತಿದ್ದವರೆಲ್ಲ ಎದ್ದು ಬಂದರು. ಅಪ್ಪಾಸಾಹೇಬರೂ ಬಂದರು. ಐದೂ ಹೊಲ ಮುಗಿದವು. ಒಂದು ಕಲ್ಲೂ ಬೀಸಲಿಲ್ಲ, ಒಂದು ಹಕ್ಕಿಯೂ ಬೀಳಲಿಲ್ಲ. ನಾನು ಚಹಾಕ್ಕೆ ಹೇಳಲು ಬಾಯಿ ತೆರೆದೆ.

ಪರದೆ ಕಪ್ಪಾಯಿತು. ಕಂಪ್ಯೂಟರ್ ಮರದಂತೆ ನಿಂತಿತು.

"ಮುಗೀತೇನು?" ಎಂದಳು ಅವ್ವ.

ಹೌದು ಎಂದಿದ್ದರೆ ನಂಬುತ್ತಿದ್ದಳು. ಬಾಯಿಯವರೆಗೂ ಬಂದಿತ್ತು. "ಮುಗೀಲಿಲ್ಲವ್ವಾ. ಕೆಟ್ಟೇತಿ."

"ಹಂಗಾರ ಚಹಾ ಬ್ಯಾಡ," ಎಂದು ಎದ್ದು ಹೋದಳು.

ಅಪ್ಪಾಸಾಹೇಬರು ಹಾಳೆಗಳನ್ನು ನನ್ನ ಮುಂದೆ ತಳ್ಳಿದರು. "ಸರಿ ಐತಿ ಅಂತ ಗುರುತ ಹಾಕಿ ಕಳಸು. ನಾಳಿ ಕಡೀ ದಿನ."

"ಸರಿ ಇಲ್ರಿ ಸಾಹೇಬ್ರ."

"ಏ ಹುಚ್ಚಾ, ಒಂದೂ ಕಲ್ಲ ಒಗೀದನ ಯಾರ್ ಆಡ್ತಾರೋ?"

"ನಮ್ಮವ್ವ ಆಡ್ಯಾಳ್ರಿ."

ಅವರ ಮುಂದೆ ನಾನು ಎದುರಾಡಿದ್ದು ಅದೇ ಮೊದಲು. ಗುತ್ತಿಗೆ ಹೋದರೆ ನಿನ್ನ ನೌಕರಿಯೂ ಹೋದಂತೆ ಎಂದರು. ಆದರೂ ಆ ಸಾಲಿನ ಮುಂದೆ ದೊಡ್ಡದಾಗಿ 'ಕೆಟ್ಟಿದೆ' ಎಂದು ಬರೆದು ವೈಶಾಲಿಗೆ ಫೋನ್ ಮಾಡಿದೆ. ಮೊದಲು ನಕ್ಕಳು. ಆಮೇಲೆ ತಾನೂ ಹಾಗೇ ಆಡಿ ನೋಡಿದಳು. ಒಂದು ತಾಸಿನ ಮೇಲೆ ಅವಳೇ ಫೋನ್ ಮಾಡಿದಳು.

"ಕಾಕಾ, ಕಡೀಕ ಗುರಿ ಎಷ್ಟ ಬರೋಬರಿ ಇತ್ತಂತ ಲೆಕ್ಕಾ ಹಾಕ್ತೈತ್ರಿ. ಬಿದ್ದ ಹಕ್ಕೀನ ಒಗದ ಕಲ್ಲಿಲೆ ಭಾಗಸಬೇಕು. ಕಲ್ಲ ಸೊನ್ನಿ! ಸೊನ್ನಿಲೆ ಭಾಗಸಾಕ ಅದಕ್ಕೂ ಬರೂದಿಲ್ಲ, ನನಗೂ ಬರೂದಿಲ್ರಿ. ನಾವ್ ಹನ್ನೊಂದ ಮಂದಿ ಆಡಿದ್ವಿ, ಒಬ್ರಿಗೂ ಇದು ತಿಳೀಲಿಲ್ಲ. ಅಜ್ಜೀಗೆ ನಮಸ್ಕಾರ ಹೇಳ್ರಿ."

ಕಂಪನಿಯವರು ದಿನ ಮುಂದೂಡಿದರು. ಗುತ್ತಿಗೆ ಉಳಿಯಿತು. ಅಪ್ಪಾಸಾಹೇಬರು ಮರುದಿನದಿಂದ, "ನಮ್ಮ ಚೆಕಿಂಗ್ ಅಂದ್ರ ಸುಮ್ನ ಅಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ನಾಲ್ಕು ದಿನಕ್ಕೆ ಕೊಲ್ಲಾಪುರದ ಬಸ್ಸಿನ ಡ್ರೈವರ್ ಕೈಯಲ್ಲಿ ಹೊಸ ಸೀಡಿ ಬಂತು. ಅದೇ ಡ್ರೈವರ್ ಕೈಯಲ್ಲಿ ವೈಶಾಲಿಗೆ ಒಂದು ಡಬ್ಬಿ ಕರದಂಟು ಕಳಿಸಿದೆ.

ಸೀಡಿ ಬಂದ ದಿನ ಅವ್ವ ಮತ್ತೆ ಆಡಲು ಬರುವುದು ತಡವಾಯಿತು. ಅವಳು ಕೂತಾಗ ಹೊತ್ತು ಆಗಲೇ ಇಳಿಯುತ್ತಿತ್ತು. ಅಪ್ಪಾಸಾಹೇಬರು ತಾವೇ ಚಹಾ ತರಿಸಲು ಹೊರಟರು. "ಬ್ಯಾಡ್ರಿ ಸಾಹೇಬ್ರ, ಇದು ನನ್ನ ಪಗಾರದ್ದ ಆಗಬೇಕು" ಎಂದು ನಾನೇ ಹೋಗಿ, ಎರಡು ಸಲ ಸೋಸಿದ ನೀರಿನಲ್ಲಿ ಮಾಡಿಸಿ, ದಪ್ಪ ಗ್ಲಾಸಿನಲ್ಲಿ ತಂದು ಕಂಪ್ಯೂಟರಿನ ಬಾಜೂಕ್ಕೆ ಇಟ್ಟೆ. ತಪ್ಪಾದದ್ದು ಅಲ್ಲೇ. ಕಲ್ಲು ಬೀಸಿದರೆ ಬೇಗ ಮುಗಿಯುವ ಆಟ, ಕೂಗಿ ಓಡಿಸಿದರೆ ಬಹಳ ಹೊತ್ತು ಹಿಡಿಯುತ್ತದೆ. ಓಡಿಸಿದ ಹಕ್ಕಿ ಮತ್ತೆ ಬರುತ್ತದೆ. ಮತ್ತೆ ಹೋ ಎನ್ನಬೇಕು. ಎರಡನೆಯ ಹೊಲಕ್ಕೆ ಹಬೆ ನಿಂತಿತು. ಮೂರನೆಯದಕ್ಕೆ ಕೆನೆ ಕಟ್ಟಿತು. ನಾಲ್ಕನೆಯ ಹೊಲದಲ್ಲಿದ್ದಾಗ ಬಾಗಿಲಲ್ಲಿ ಬಿದ್ದಿದ್ದ ಬಿಸಿಲು ಕೆಂಪಾಯಿತು. ನಾನು ಒಮ್ಮೆ ಗ್ಲಾಸನ್ನು, ಒಮ್ಮೆ ಬಿಸಿಲನ್ನು, ಒಮ್ಮೆ ಅವ್ವನ ಕೈಯನ್ನು ನೋಡುತ್ತ ನಿಂತೆ.

ಐದನೆಯ ಹೊಲ ಮುಗಿಯಿತು. ಪರದೆ ಕಪ್ಪಾಯಿತು. ಆಮೇಲೆ ಅಕ್ಷರಗಳು ಮೂಡಿದವು. ಅವ್ವನಿಗೆ ಕನ್ನಡಕವಿರಲಿಲ್ಲ, ನಾನು ಓದಿ ಹೇಳಿದೆ: "ಬೆಳೆ ಉಳಿಯಿತು. ಹಕ್ಕಿಯೂ ಉಳಿಯಿತು."

"ಮುಗೀತೇನು?"

"ಮುಗೀತವ್ವಾ. ಖರೇನ ಮುಗೀತು."

ಅವಳು ಗ್ಲಾಸಿಗೆ ಕೈ ಚಾಚಿದಳು. "ತಡಿಯವ್ವಾ, ಪೂರಾ ಆರೇತಿ. ಬಿಸಿ ಮಾಡಿಸಿ ತರ್ತೇನಿ," ಎಂದೆ. ಅವಳು ಬಾಗಿಲ ಕಡೆ ನೋಡಿದಳು. ಹೊಸ್ತಿಲ ಮೇಲೆ ಒಂದು ಗೇಣು ಬಿಸಿಲು ಉಳಿದಿತ್ತು.

"ಹೊತ್ತ ಮುಳಗತೈತಿ. ಹಂಗ ತಾ."

ಕೆನೆಯನ್ನು ಬೆರಳಿನಿಂದ ಸರಿಸಿ, ಕೂತಲ್ಲೇ ಕೂತು, ಕೊನೆಯ ಹನಿಯವರೆಗೂ ಕುಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಅಪ್ಪಾಸಾಹೇಬರು ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದುತ್ತಿದ್ದರು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಖಾಲಿ ಗ್ಲಾಸನ್ನು ನನ್ನ ಕೈಗಿತ್ತಳು.

"ಸಕ್ರಿ ಭಾಳ ಆಗೇತಿ," ಎಂದಳು. "ನಾಳಿ ಕಡಿಮಿ ಹಾಕಾಕ ಹೇಳು."